ಅಬ್ಲೇಶನ್ ಆದಮೇಲೂ ಬಿಪಿ ಇಳಿದಿಲ್ಲ ಅಂದ್ರೆ ಎಲ್ಲೆಲ್ಲಿ ಹುಡುಕಬೇಕು?

ಪ್ರಶ್ನೆ
ಕಿಡ್ನಿಯ ರಕ್ತನಾಳದ ಸುತ್ತಲ ನರ ಸುಡುವ ರೀನಲ್ ಡಿನರ್ವೇಶನ್ ಆದಮೇಲೆ ಕೆಲವರಿಗೆ ಬಿಪಿ ಇಳಿಯುತ್ತೆ, ಕೆಲವರಿಗೆ ಅಲ್ಲಾಡೋದೇ ಇಲ್ಲ. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್‌ಗೆ ಹೃದಯದ ಒಳಗೆ ಸುಡುವ ಅಬ್ಲೇಶನ್ ಆದಮೇಲೆ ಒಮ್ಮೊಮ್ಮೆ ಏರುವುದೂ ಉಂಟು. ಯಾಕೆ?

ಕ್ಯಾಥ್‌ಲ್ಯಾಬ್ (ರಕ್ತನಾಳದೊಳಗೆ ನಳಿಗೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆ) ಕಡೆಯವ
ಎಲ್ಲಿ, ಎಷ್ಟು ಸುಟ್ಟಿದ್ದಾರೆ ಅನ್ನೋದು ಮೊದಲು. 2014ರಲ್ಲಿ ಪ್ರಕಟವಾದ, ರೀನಲ್ ಡಿನರ್ವೇಶನ್‌ನ ಸಿಂಪ್ಲಿಸಿಟಿ ಎಚ್‌ಟಿಎನ್-3 ಟ್ರಯಲ್‌ನಲ್ಲಿ 535 ಜನ. ಮೇಲಿನ ಬಿಪಿ ಚಿಕಿತ್ಸೆ ಆದವರಲ್ಲಿ ಸುಮಾರು 14, ಹುಸಿ ಚಿಕಿತ್ಸೆಯವರಲ್ಲಿ (ನರ ಸುಡದೆ ಸುಟ್ಟಂತೆ ತೋರಿಸಿದವರಲ್ಲಿ) ಸುಮಾರು 12 ಇಳಿಯಿತು. ಅಂದ್ರೆ ಫೇಲ್. ಆಗಿನ ಕ್ಯಾತಿಟರ್‌ಗೆ (ನಾಳದೊಳಗೆ ತೂರಿಸುವ ಸಣ್ಣ ನಳಿಗೆ) ಸುಡುವ ಎಲೆಕ್ಟ್ರೋಡ್ ಒಂದೇ. ಕೈಯಲ್ಲೇ ತಿರುಗಿಸುತ್ತಾ ನಾಳದ ನಾಲ್ಕೂ ಮಗ್ಗುಲು ಮುಟ್ಟಿಸಬೇಕು. ಹೆಚ್ಚಿನವರಲ್ಲಿ ಆ ಸುತ್ತು ಪೂರ್ತಿಯಾಗಲಿಲ್ಲ. ಮುಖ್ಯ ನಾಳದ ಬುಡದಲ್ಲಿ ನರಗಳು ಒಳಗೋಡೆಯಿಂದ ದೂರ, ಕವಲಿನತ್ತ ಹೋದಂತೆ ಹತ್ತಿರ. ಅದಕ್ಕೇ ನಾಲ್ಕು ಎಲೆಕ್ಟ್ರೋಡಿನ, ಸುರುಳಿಯಾಕಾರದ ಸ್ಪೈರಲ್ ಕ್ಯಾತಿಟರ್‌ನಲ್ಲಿ 3ರಿಂದ 8 ಮಿ.ಮೀ. ಅಗಲದ ಕವಲು, ಹೆಚ್ಚುವರಿ ನಾಳಗಳಲ್ಲೂ 60 ಸೆಕೆಂಡಿನಂತೆ ಸುಡುತ್ತಾರೆ. ಸಾಕಾಯ್ತಾ ಅಂತ ಟೇಬಲ್ ಮೇಲೇ ತಿಳಿಯಲು ನೆಚ್ಚಿಕೊಳ್ಳುವಂಥ ಪರೀಕ್ಷೆ ಇಲ್ಲ, ತಲೆನೋವು ಅದೇ.

ಬಿಪಿ ಕ್ಲಿನಿಕ್
ನರಕ್ಕಿಂತ ಮುಂಚೆ ಮಾತ್ರೆ ನೋಡಿ ಸ್ವಾಮಿ. ಟ್ರಯಲ್‌ಗೆ ಸೇರಿದ ತಕ್ಷಣ ಜನ ಮಾತ್ರೆ ಸರಿಯಾಗಿ ನುಂಗತೊಡಗುತ್ತಾರೆ. ಹುಸಿ ಗುಂಪಿನಲ್ಲೂ ಬಿಪಿ ಇಳಿಯೋಕೆ ಅದೊಂದು ಕಾರಣ. ಆಮೇಲಿನ ಟ್ರಯಲ್‌ಗಳಲ್ಲಿ ಮೂತ್ರದಲ್ಲಿ ಔಷಧ ಇದೆಯಾ ಅಂತಲೇ ಪರೀಕ್ಷಿಸಿದರು. ಶುರುವಿನ ಬಿಪಿ ಹೆಚ್ಚಿದ್ದಷ್ಟೂ ಇಳಿತ ಹೆಚ್ಚು. ನಾಳ ಗಡುಸಾಗಿ ಮೇಲಿನದು ಮಾತ್ರ ಏರಿರುವ ವಯಸ್ಸಾದವರಲ್ಲಿ ಕಡಿಮೆ. ಬಿಪಿ ಏರಿಸುವ ಆಲ್ಡೋಸ್ಟಿರೋನ್ ಹಾರ್ಮೋನ್ ಹೆಚ್ಚಿದೆಯಾ, ನಿದ್ದೆಯಲ್ಲಿ ಉಸಿರು ಕಟ್ಟುತ್ತಾ ಅಂತ ಮೊದಲೇ ನೋಡಿರಬೇಕು. ಅಳೆಯೋದು 24 ಗಂಟೆಯ ಮಾನಿಟರ್‌ನಲ್ಲಿ, ಒಂದೆರಡು ತಿಂಗಳು ಬಿಟ್ಟು. ಅದರಲ್ಲಿ 4–6 ಇಳಿದರೂ ಸರಿಯೇ. ಮಾತ್ರೆ ಪೂರ್ತಿ ನಿಲ್ಲುತ್ತೆ ಅಂತ ಕಾಯಬೇಡಿ.

ರಿದಮ್
ಹೃದಯದ ಬಡಿತ ನೋಡುವ ನಮ್ಮ ಕಡೆಯ ಕಥೆ ಬೇರೆ. ಬಡಿತ ಹತೋಟಿಗೆ ಕೊಟ್ಟಿದ್ದ ಮೆಟೊಪ್ರೊಲೋಲ್, ಡಿಲ್ಟಿಯಾಜೆಮ್ ಬಿಪಿಯನ್ನೂ ಇಳಿಸುತ್ತಿರುತ್ತವೆ. ಅಬ್ಲೇಶನ್ ಆಯ್ತಲ್ಲ ಅಂತ ನಿಲ್ಲಿಸಿದರೆ ಅಡಗಿದ್ದ ಬಿಪಿ ಹೊರಬರುತ್ತೆ. ಮೊದಲ ದಿನಗಳಲ್ಲಿ ಕ್ಯಾತಿಟರ್ ತಣಿಸಲು ಹರಿಸಿದ ಸಲೈನ್‌ನ ಭಾರವೂ ಇರುತ್ತೆ. ಹಳೆಯ ಅಂಕಿ ಬೇರೆ ನಂಬೋ ಹಾಗಿಲ್ಲ: ಬಡಿತ ತಾಳ ತಪ್ಪಿದ್ದಾಗ ಮೆಷಿನ್ ಒಂದೊಂದು ಸಲ ಒಂದೊಂದು ತೋರಿಸುತ್ತೆ, ಮೂರು ಸಲ ಅಳೆದು ಸರಾಸರಿ ಹಿಡೀಬೇಕು. ಆದರೆ ಅಬ್ಲೇಶನ್ ಆದ ದಿನವೇ ಬಿಪಿ ದಿಢೀರ್ ಕುಸಿದರೆ ಇದ್ಯಾವ ಲೆಕ್ಕವೂ ಬೇಡ. ಹೃದಯದ ಸುತ್ತ ಅಥವಾ ತೊಡೆಸಂದಿಯ ಒಳಗೆ ರಕ್ತ ತುಂಬಿದೆಯಾ ಅಂತ ತಕ್ಷಣ ಎಕೋ, ಸ್ಕ್ಯಾನ್.

ಪ್ರಶ್ನೆ ಕೇಳಿದವರು
ಎರಡನ್ನೂ ಒಟ್ಟಿಗೆ ಮಾಡಿದರೆ?

ರಿದಮ್
2020ರ ಎರಾಡಿಕೇಟ್-ಎಎಫ್ ಟ್ರಯಲ್ ನೋಡಿ, 302 ಜನ. ಆರು ತಿಂಗಳಿಗೆ ಮೇಲಿನ ಬಿಪಿ ಎರಡೂ ಮಾಡಿದವರಲ್ಲಿ 150ರಿಂದ 135ಕ್ಕೆ, ಹೃದಯದ್ದು ಮಾತ್ರ ಆದವರಲ್ಲಿ 151ರಿಂದ 147ಕ್ಕೆ. ಹುಸಿ ಚಿಕಿತ್ಸೆಯ ಗುಂಪು ಇರಲಿಲ್ಲ, ಹಾಗಾಗಿ ಆ ವ್ಯತ್ಯಾಸವನ್ನೆಲ್ಲ ನರದ ಖಾತೆಗೆ ಬರೆಯೋಕೆ ನಾನಂತೂ ಒಪ್ಪಲ್ಲ.