ಗೋಮಾಳದಲ್ಲಿ ದನ ಮೇಯಿಸಿದರೆ ಮಣ್ಣು ಕೆಡುತ್ತದೆಯೇ?

ಪ್ರಶ್ನೆ: ಸರ್, ನಮ್ಮದು ಚಳ್ಳಕೆರೆ ತಾಲ್ಲೂಕು. ಗೋಮಾಳದಲ್ಲಿ ದನ, ಕುರಿ ಎಲ್ಲಾ ಮೇಯುತ್ತವೆ. ಇದರಿಂದ ಮಣ್ಣಿನ ಇಂಗಾಲ ಹೋಗುತ್ತದೆ, ಪೂರ್ತಿ ಬೇಲಿ ಹಾಕೋಣ ಅಂತ ಕೆಲವರು. ಸಗಣಿ ಬೀಳುತ್ತದಲ್ಲ, ಒಳ್ಳೆಯದೇ ಅಂತಾರೆ ನಮ್ಮಪ್ಪ. ಯಾವುದು ಸರಿ?

ಉತ್ತರ (ಮಣ್ಣು ವಿಜ್ಞಾನಿ): ಅಣ್ಣಾ, ಸಗಣಿಯಲ್ಲಿರುವ ಇಂಗಾಲ ಅದೇ ಹುಲ್ಲಿನದು. ತಿಂದದ್ದರಲ್ಲಿ ದೊಡ್ಡ ಪಾಲು ದನದ ಉಸಿರಿನಲ್ಲೇ ಹೋಗುತ್ತದೆ. ಉಳಿದದ್ದರಲ್ಲೂ ರಾತ್ರಿಯ ಸಗಣಿ ಕೊಟ್ಟಿಗೆಯಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ರಾತ್ರಿ ಹೊಲದಲ್ಲಿ ಕುರಿ ಮಂದೆ ಹಾಕಿಸಿದರೂ ಹಾಗೇ ಅಲ್ವಾ? ಹೊಲಕ್ಕೆ ಲಾಭ, ಗೋಮಾಳಕ್ಕೆ ಅಷ್ಟಿಲ್ಲ.

ಗೋಮಾಳದ ಮಣ್ಣಿಗೆ ಇಂಗಾಲ ಕೊಡುವುದು ಮುಖ್ಯವಾಗಿ ಬೇರು. ಒಂದು ಕೆಲಸ ಮಾಡಿ. ದನ ಮುಟ್ಟದ ಬದುವಿನಿಂದ ಒಂದು ಹುಲ್ಲಿನ ಬುಡ, ಗೋಮಾಳದ ನಡುವಿನಿಂದ ಅದೇ ಜಾತಿಯ ಇನ್ನೊಂದು ಬುಡ ಗುದ್ದಲಿಯಿಂದ ಎಬ್ಬಿಸಿ, ಮಣ್ಣು ಕೊಡವಿ ಅಕ್ಕಪಕ್ಕ ಇಡಿ. ಪದೇ ಪದೇ ಬೋಳಾದ ಹುಲ್ಲಿನ ಬೇರು ಗಿಡ್ಡ, ತೆಳು. ಎಲೆ ಹೋದಾಗ ಹುಲ್ಲು ಬೇರು ಬೆಳೆಸುವುದು ಬಿಟ್ಟು ಮತ್ತೆ ಚಿಗುರಲು ನೋಡುತ್ತದೆ. ನೆಲ ಬೋಳಾದರೆ ಗೊರಸಿನ ತುಳಿತಕ್ಕೆ ಗಟ್ಟಿಯಾಗಿ, ಮಳೆ ನೀರು ಇಂಗದೆ ಮೇಲ್ಮಣ್ಣನ್ನೇ ಹೊತ್ತು ಹರಿಯುತ್ತದೆ. ಇಂಗಾಲ ಜಾಸ್ತಿ ಇರುವುದು ಆ ಮೇಲ್ಮಣ್ಣಿನಲ್ಲೇ.

ಹಾಗಂತ ಪೂರ್ತಿ ಬೇಲಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಒಣ ಹುಲ್ಲು ನಿಂತಲ್ಲೇ ಉಳಿದರೆ ಹೊಸ ಚಿಗುರಿಗೆ ಬಿಸಿಲು ಸಿಗದು, ಬೇಸಿಗೆಯಲ್ಲಿ ಬೆಂಕಿಯ ಭಯ. ಅಮೃತ ಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ನಿಮ್ಮ ತಾಲ್ಲೂಕಿನ ಕಾವಲುಗಳು ತಲೆಮಾರುಗಳಿಂದ ದನ ಮೇಯ್ದ ನೆಲವೇ ಅಲ್ಲವೇ! ನಿಲ್ಲಬೇಕಾದದ್ದು ವರ್ಷವಿಡೀ ಬಿಡುವಿಲ್ಲದೆ ಮೇಯಿಸುವುದು. ಗೋಮಾಳವನ್ನು ಮೂರ್ನಾಲ್ಕು ಪಾಲು ಮಾಡಿ. ಮಳೆ ಬಿದ್ದು ಹುಲ್ಲು ಚಿಗುರುವಾಗ ಒಂದು ಪಾಲನ್ನು ಬೀಜ ಕಟ್ಟುವವರೆಗೂ ಮುಟ್ಟಬೇಡಿ. ಮುಂದಿನ ವರ್ಷ ಇನ್ನೊಂದು ಪಾಲು.

ಪ್ರಶ್ನೆ: ಮಣ್ಣು ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ ಸರ್? ನಮ್ಮ ನೆಲದಲ್ಲಿ ಸುಣ್ಣದ ಕಲ್ಲು ಜಾಸ್ತಿ.

ಉತ್ತರ: ಒಳ್ಳೆ ಮಾತು ಕೇಳಿದಿರಿ. ಸುಣ್ಣದಲ್ಲೂ ಇಂಗಾಲ ಇದೆ, ಆದರೆ ಅದು ಹುಲ್ಲು, ಬೇರು ಕೊಳೆತು ಮಣ್ಣಿಗೆ ಸೇರಿದ ಸಾವಯವ ಇಂಗಾಲ ಅಲ್ಲ. ಅದಕ್ಕೇ ‘ಸಾವಯವ ಇಂಗಾಲ’ ಅಂತಲೇ ಕೇಳಿ. ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ, 0.75 ದಾಟಿದರೆ ಹೆಚ್ಚು ಅಂತ ಲೆಕ್ಕ. ಒಂದೇ ವರ್ಷಕ್ಕೆ ಏನೂ ಕಾಣದು, ಬೇಸರ ಪಡಬೇಡಿ. ಈಗೊಮ್ಮೆ, ಐದು ವರ್ಷದ ಮೇಲೆ ಇನ್ನೊಮ್ಮೆ, ಅದೇ ಜಾಗ, ಅದೇ ಆಳದಿಂದ ಮಣ್ಣು ತೆಗೆಯಿರಿ. ಕೊನೆಗೊಂದು ಎಚ್ಚರಿಕೆ: ಬಳ್ಳಾರಿ ಜಾಲಿ ಎಂಬ ಮುಳ್ಳುಗಿಡದ ಕಾಯಿ ತಿಂದ ದನವನ್ನು ಬಿಡುವು ಕೊಟ್ಟ ಪಾಲಿಗೆ ಬಿಡಬೇಡಿ. ಸಗಣಿಯಲ್ಲಿ ಬೀಜ ಬಂದು ಅಲ್ಲೇ ಮೊಳೆಯುತ್ತದೆ.