ಸಹಾಯ ಬೇಕು: ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹ ಸಾಧನ) ಹಾಕಿಸಬಹುದೇ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ 2013ರಲ್ಲಿ ಕೊಂಡ ಡೆಸ್ಕ್‌ಟಾಪ್ ಒಂದಿದ್ದು, ಅಡಿಕೆಯ ಲೆಕ್ಕ, ಮಗಳ ಓದು ಎರಡೂ ಅದರಲ್ಲೇ ನಡೆಯುತ್ತವೆ. ಮೂರನೇ ತಲೆಮಾರಿನ ಕೋರ್ ಐ3, 4 ಜಿಬಿ ಡಿಡಿಆರ್3 ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10.

ಈಗೀಗ ಸ್ವಿಚ್ ಒತ್ತಿ, ಅಡುಗೆಮನೆಗೆ ಹೋಗಿ ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಪ್ರೊಸೆಸರ್ ಶೇ. 15ರ ಆಸುಪಾಸಿನಲ್ಲಿ ಸುಮ್ಮನಿದ್ದು, ಡಿಸ್ಕ್ ಮಾತ್ರ ಶೇ. 100ರಿಂದ ಇಳಿಯುವುದೇ ಇಲ್ಲ. ನಡುನಡುವೆ ಪೆಟ್ಟಿಗೆಯೊಳಗಿಂದ ಟಿಕ್ ಟಿಕ್ ಸದ್ದೂ ಬರುತ್ತದೆ. ಫ್ಯಾನಿನ ಧೂಳು ತೆಗೆದೆ, ಆರಂಭದಲ್ಲೇ ತೆರೆದುಕೊಳ್ಳುವ ಅನಗತ್ಯ ಪ್ರೋಗ್ರಾಂಗಳನ್ನು ನಿಲ್ಲಿಸಿದೆ. ಕರೆಂಟು ಹೋದಾಗಲೆಲ್ಲ ಹಿಂದಕ್ಕೋಡುತ್ತಿದ್ದ ಕಂಪ್ಯೂಟರಿನ ಗಡಿಯಾರವು (ಮಳೆಗಾಲದಲ್ಲಿ ನಮ್ಮಲ್ಲಿ ಅದು ನಿತ್ಯದ ಕಥೆ) ಒಳಗಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಬದಲಿಸಿದ ಮೇಲೆ ಸರಿಯಾಯಿತೇ ಹೊರತು ವೇಗವೇನೂ ಹೆಚ್ಚಲಿಲ್ಲ.

ಅಂಗಡಿಯವರು ಹೊಸದನ್ನೇ ಕೊಳ್ಳಿ ಎನ್ನುತ್ತಾರೆ. ನನಗೇಕೋ ದೋಷ ಹಾರ್ಡ್ ಡಿಸ್ಕಿನಲ್ಲೇ ಇದೆ ಅನ್ನಿಸುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ಈ ಪ್ರೊಸೆಸರ್ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲವಾದ್ದರಿಂದ, ಸಾಟಾ (ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಜೋಡಿಸುವ ಬಗೆಯ) ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿಗೆ ಏರಿಸಿ, ವಿಂಡೋಸಿನ ಬದಲು ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಅಳವಡಿಸುವ ಯೋಚನೆಯಿದೆ. ಆದರೆ ತಂದೆಯವರು ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಆ ಫಾಂಟು ಇಲ್ಲದಿದ್ದರೆ ಅಕ್ಷರಗಳು ಸರಿಯಾಗಿ ಕಾಣವು) ಬೆರಳಚ್ಚಿಸಿಟ್ಟ ಕಡತಗಳು ಅಲ್ಲಿ ಓದಲು ಬರುತ್ತವೆಯೇ, ಅಥವಾ ಮೊದಲೇ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕೇ? ಸದ್ದು ಮಾಡುತ್ತಿರುವ ಡಿಸ್ಕನ್ನು ಇಡಿಯಾಗಿ ನಕಲು ಮಾಡುವುದಕ್ಕಿಂತ ಬೇಕಾದ ಕಡತಗಳನ್ನಷ್ಟೇ ಪೆನ್‌ಡ್ರೈವಿಗೆ ತೆಗೆದುಕೊಳ್ಳುವುದು ಕ್ಷೇಮವೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.