ಅಪ್‌ಡೇಟ್: ನಿಲ್ಲಿಸಿದಾಗಲೆಲ್ಲ ಆಫ್ ಆಗುತ್ತಿದ್ದ ಹಳೇ ಆಟೋಮ್ಯಾಟಿಕ್ ಗಾಡಿ ಸರಿಹೋಯ್ತು

ನಾನು ಕೇಳಿದ್ದು ಇಷ್ಟು: ಇಂಜಿನ್ ಬಿಸಿಯಾದ ಮೇಲೆ 'ಡಿ'ಯಲ್ಲಿ (ಮುಂದಕ್ಕೆ ಓಡಿಸುವ ಗೇರ್) ಬ್ರೇಕ್ ಒತ್ತಿ ನಿಲ್ಲಿಸಿದರೆ ಗಾಡಿ ನಡುಗಿ ಆಫ್ ಆಗುತ್ತಿತ್ತು. ನ್ಯೂಟ್ರಲ್‌ಗೆ ಹಾಕಿದರೆ ತಕ್ಷಣ ಸ್ಟಾರ್ಟ್. ಮಾಮೂಲಿ ಗೇರಿನ ಗಾಡಿಯನ್ನು ಕ್ಲಚ್ ಒತ್ತದೆ ನಿಲ್ಲಿಸಿದ ಹಾಗೆ.

ಮೊದಲು ಥ್ರಾಟಲ್ ಬಾಡಿ (ಇಂಜಿನ್ ಒಳಗೆ ಗಾಳಿ ಬಿಡುವ ಭಾಗ) ಕ್ಲೀನ್ ಮಾಡಿದೆ. ಸುಮ್ನೆ ಒಂದು ಭಾನುವಾರ ಹೋಯ್ತು.

ನಿಮ್ಮಲ್ಲಿ ಒಬ್ಬರು ಹೇಳಿದ್ದೇ ನಿಜ, ಟಾರ್ಕ್ ಕನ್ವರ್ಟರ್ (ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಬದಲಿಗೆ ಇರುವ ಭಾಗ) ಲಾಕಪ್. ವೇಗದಲ್ಲಿ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಕಚ್ಚಿಸುವ ಅದು, ನಿಧಾನವಾದಾಗ ಬಿಡಬೇಕು. ನನ್ನದು ಬಿಡುತ್ತಿರಲಿಲ್ಲ. ಲಾಕಪ್ಪನ್ನು ನಿಯಂತ್ರಿಸುವ ಸೊಲೆನಾಯ್ಡ್‌ನ (ಕರೆಂಟಿನ ವಾಲ್ವ್) ಕನೆಕ್ಟರ್ ಕಳಚಿ ಓಡಿಸಿದೆ, ಕರೆಂಟ್ ಇಲ್ಲದಿದ್ದರೂ ಆಫ್. ಅಂದರೆ ಬ್ರೇಕ್ ಸ್ವಿಚ್ಚು, ವೈರಿಂಗ್ ಮೇಲೆ ಅನುಮಾನ ಬೇಡ, ಒಳಗೇ ಏನೋ ಸಿಕ್ಕಿಕೊಂಡಿದೆ.

ಗೇರ್‌ಬಾಕ್ಸ್ ಕೆಳಗಿನ ಆಯಿಲ್ ಪ್ಯಾನ್ ಇಳಿಸಿದಾಗ ಎದೆ ಢವಢವ. ಆಯಿಲ್ ಕಪ್ಪಗಿತ್ತು, ಸೀದ ವಾಸನೆ. ಪ್ಯಾನಿನೊಳಗೆ ಲೋಹದ ಪುಡಿ ಹಿಡಿಯುವ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪಾದ ಪೇಸ್ಟ್. ಬೆರಳಲ್ಲಿ ಉಜ್ಜಿ ನೋಡಿದೆ, ಲೋಹದ ಚೂರು ಸಿಗಲಿಲ್ಲ. ಚೂರಿದ್ದರೆ ಗೇರ್‌ಬಾಕ್ಸೇ ಬಿಚ್ಚಬೇಕಿತ್ತು, ಅಲ್ವಾ?

ಹೊಸ ಸೊಲೆನಾಯ್ಡ್, ಫಿಲ್ಟರ್, ಗ್ಯಾಸ್ಕೆಟ್, ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಯಿಲ್ ಹಾಕಿದೆ. 2 ವಾರ ಆಯ್ತು, ಒಂದು ಸಲವೂ ಆಫ್ ಆಗಿಲ್ಲ. 'ಆರ್'ಗೆ (ರಿವರ್ಸ್) ಹಾಕಿದಾಗ ಸಣ್ಣ ಜರ್ಕ್ ಮಾತ್ರ ಇದೆ. ಇಂಜಿನ್ ಮೌಂಟ್ (ಇಂಜಿನ್ ಹಿಡಿದಿಡುವ ರಬ್ಬರ್) ಸವೆದಿರಬೇಕು.